ದೋಣಿಯ ಬೆನ್ನುಹಲಗೆ

ನನ್ನ ಕನಸಿನಲ್ಲಿ ಲಾರಿಗಳು ತೇಲುತ್ತವೆ. ಚಿಕ್ಕಂದಿನಿಂದಲೂ ಹಾಗೇ. ಬಸವಕಲ್ಯಾಣದಲ್ಲಿ ಹುಟ್ಟಿ, ಹಳೇ ಲಾರಿಗಳ ಸಾಲಿನ ನಡುವೆ ಬೆಳೆದವಳ ಕನಸಿನಲ್ಲಿ ಇನ್ನೇನು ತೇಲಬೇಕು? ಎಂಜಿನ್ ಬಿಚ್ಚಿದ ಲಾರಿ, ಬಾಗಿಲು ಕಳಚಿದ ಲಾರಿ, ಹೊಸ ಬಣ್ಣ ಬಳಿದು ಹಣೆಗೆ ನಿಂಬೆಹಣ್ಣು ಕಟ್ಟಿಸಿಕೊಂಡ ಲಾರಿ, ಎಲ್ಲವೂ ಸದ್ದು ಮಾಡದೆ ನೀರಿನ ಮೇಲೆ ಬರುತ್ತವೆ. ನಾನು ದಂಡೆಯ ಮೇಲೆ ನಿಂತು ಒಂದೊಂದರದೂ ಹಾಜರಿ ಕೂಗುತ್ತೇನೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳಿಗೆ ನಿದ್ದೆಯಲ್ಲೂ ಹಾಜರಿ ತಪ್ಪುವುದಿಲ್ಲ.

ಹಾಗಾಗಿ ಒಂದು ಮಧ್ಯಾಹ್ನ ನನ್ನ ಗಂಡ ಲಾರಿಯ ಮೇಲೆ ದೋಣಿ ಹೇರಿಕೊಂಡು ಹುಮನಾಬಾದಿನ ನಮ್ಮ ಮನೆಯ ಮುಂದೆ ಬಂದು ನಿಂತಾಗ, ನಾನಿನ್ನೂ ಮಲಗಿಯೇ ಇದ್ದೇನೆ, ಕನಸು ತಲೆಕೆಳಗಾಗಿದೆ ಎಂದುಕೊಂಡೆ. ನನ್ನ ಗಂಡನದು ಹಳೇ ಲಾರಿ ಕೊಂಡು ಮಾರುವ ವ್ಯಾಪಾರ. ಆ ಸಲ ಕರಾವಳಿಗೆ ಹೋಗಿದ್ದರು.

"ಲಾರಿ ತರ್ತೀನಂತ ಹೋಗಿ ಇದೇನ್ರಿ ತಂದಿದ್ದು?" ಎಂದೆ.

"ಲಾರಿನೂ ತಂದೀನಲ್ಲ. ಕೆಳಗ ನೋಡು," ಎಂದರು.

ಲಾರಿ ಮಾರಿದವನ ಅಂಗಳದಲ್ಲಿ ಆ ದೋಣಿ ಎರಡು ಮಳೆಗಾಲ ಆ ಲಾರಿಯ ಮೇಲೇ ಕಳೆದಿತ್ತಂತೆ. ಇಳಿಸುವುದಕ್ಕೆ ಅವತ್ತು ಆಳು ಸಿಗಲಿಲ್ಲ, ಇವರು ಇಳಿಸದೇ ಹೊರಟು ಬಂದರು. ಮರದ ದೋಣಿ, ಹದಿನೆಂಟು ಅಡಿ ಉದ್ದ. ಜೊತೆಗೆ ಗೋಣಿಚೀಲದಲ್ಲಿ ಸುತ್ತಿದ ಒಂದು ಹಳೇ ಮೋಟರ್. ಸಮುದ್ರ ನಮ್ಮಿಂದ ಎಷ್ಟು ದೂರವೆಂದರೆ, ಆ ದೋಣಿ ಹಿತ್ತಲಿಗೆ ಇಳಿದ ದಿನ ಓಣಿಯ ಹೆಂಗಸರು ಅದನ್ನು ಮುಟ್ಟಿ ನೋಡಿ ಹೋದರು.

ಅಲ್ಲೇ ಅದು ಐದು ವರ್ಷ ಬಿದ್ದುಕೊಂಡಿತು. ನನ್ನ ಅತ್ತೆ ಅದರಲ್ಲಿ ಮೆಣಸಿನಕಾಯಿ ಒಣಗಿಸಿದರು, ಬೇಸಿಗೆಯಲ್ಲಿ ಶಾವಿಗೆ ಹರವಿದರು. ಬೆಕ್ಕು ಎರಡು ಸಲ ಮರಿ ಹಾಕಿತು. ಮಳೆ ಬಂದರೆ ಅತ್ತೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಗಿಯಾಗಿ ಕಟ್ಟುತ್ತಿದ್ದರು. ರಜೆಯ ದಿನ ನಾನು ಅದರ ನೆರಳಿಗೆ ಚಾಪೆ ಹಾಕಿಕೊಂಡು ಪೇಪರ್ ತಿದ್ದುತ್ತಿದ್ದೆ. ಹಾಗೇ ಕಣ್ಣು ಮುಚ್ಚಿದರೆ ಬೇವಿನ ಮರದ ಗಾಳಿಯ ಸದ್ದು ನೀರಿನ ಸದ್ದಾಗುತ್ತಿತ್ತು. ಎದ್ದರೆ ಯಾರದೋ ಪ್ರಮೇಯದ ಮೇಲೆ ಕೆಂಪು ಗೆರೆ ಎಲ್ಲೆಲ್ಲೋ ಹರಿದಿರುತ್ತಿತ್ತು. ಅಂಥ ಮಕ್ಕಳಿಗೆ ಪೂರ್ತಿ ಅಂಕ ಕೊಟ್ಟಿದ್ದೇನೆ, ಈಗ ಹೇಳಿದರೆ ತಪ್ಪೇನಿಲ್ಲ.

ಹೋದ ವರ್ಷ ಬೇಸಿಗೆಗೆ ಮುಂಚೆ ಗಂಡನಿಗೆ ಹುಕಿ ಬಂತು. ಬಸವಕಲ್ಯಾಣದ ಕಡೆ ಒಂದು ಜಲಾಶಯದಲ್ಲಿ ಮೀನು ಹಿಡಿಯುವವರು ಅವರಿಗೆ ಪರಿಚಯ. ದೋಣಿ ತನ್ನಿ, ಬಲೆ ಹಾಕಲು ನಮಗೂ ಆಗುತ್ತದೆ, ಸಂಜೆ ನೀವೂ ತಿರುಗಾಡಿ ಎಂದಿದ್ದರು. ಹಿತ್ತಲಲ್ಲಿ ಮೋಟರನ್ನು ಎತ್ತಿ ದೋಣಿಯ ಹಿಂದಿನ ಹಲಗೆಗೆ ತಗುಲಿಸಿ ತಿರುಪು ಬಿಗಿದರು. ಹಲಗೆ ಕರ್ ಎಂದಿತು. ನಾನು ಬೆರಳಿನಿಂದ ಒತ್ತಿ ನೋಡಿದೆ. ಚಹಾದಲ್ಲಿ ಅದ್ದಿದ ಖಾರಿ ಬಿಸ್ಕೀಟಿನ ಹಾಗೆ ಒಳಗೆ ಹೋಯಿತು.

ಆ ಹಲಗೆಗೆ ಏನೆನ್ನುತ್ತಾರೋ ನಮಗೆ ಗೊತ್ತಿರಲಿಲ್ಲ. ನಾನು ಬೆನ್ನುಹಲಗೆ ಎಂದೆ, ಅದೇ ಹೆಸರಾಯಿತು. ದೋಣಿಯ ಹಿಂಬದಿಯನ್ನು ಮುಚ್ಚುವ ಗೋಡೆ ಅದು. ಮೋಟರ್ ತೂಗುವುದು ಅದರ ಮೇಲೆ, ಮೋಟರ್ ತಳ್ಳುವುದೂ ಅದನ್ನೇ. ಅದು ಕೊಳೆತರೆ ದೋಣಿ ಮೆಣಸಿನಕಾಯಿಗೆ ಮಾತ್ರ ಲಾಯಕ್ಕು.

ನಮ್ಮ ಸೀಮೆಯಲ್ಲಿ ದೋಣಿ ಕಟ್ಟುವವರು ಎಲ್ಲಿಂದ ಬರಬೇಕು? ಆದರೆ ಹಲಗೆ ಬಲ್ಲವರು ಒಬ್ಬರಿದ್ದರು.

ಬಸವಕಲ್ಯಾಣದಲ್ಲಿ ನಮ್ಮ ತಂದೆಯ ಬಿಡಿಭಾಗದ ಅಂಗಡಿಗೆ ಅಂಟಿಕೊಂಡೇ ಚಾಚಾನ ತಗಡಿನ ಶೆಡ್ಡು. ರಕ್ತಸಂಬಂಧದ ಚಾಚಾ ಅಲ್ಲ, ಅಪ್ಪನ ಗೆಳೆಯ, ಲಾರಿಗೆ ಮರದ ಬಾಡಿ ಕಟ್ಟುವ ಮಿಸ್ತ್ರಿ. ಹೈದರಾಬಾದಿನಿಂದ ಸೊಲ್ಲಾಪುರದವರೆಗೆ ಅವರು ಕಟ್ಟಿದ ಬಾಡಿ ಓಡಾಡಿವೆ. ಶೆಡ್ಡಿನ ನಡುವೆ ಒಂದು ಮೇಜು. ಜಾಲಿ ಮರದ, ಗೇಣು ದಪ್ಪದ ಹಲಗೆ, ಆನೆಯಂಥ ನಾಲ್ಕು ಕಾಲು. ಮೊದಲು ಮೇಜು ಮಾಡಿ ಆಮೇಲೆ ಅದರ ಸುತ್ತ ಶೆಡ್ಡು ಎಬ್ಬಿಸಿದ್ದರಿಂದ ಅದು ಬಾಗಿಲಿನಿಂದ ಹೊರಗೆ ಬರುತ್ತಲೇ ಇರಲಿಲ್ಲ. ಸಾಲೆ ಬಿಟ್ಟ ಮೇಲೆ ಆ ಮೇಜಿನ ಒಂದು ಮೂಲೆಯಲ್ಲಿ ಕೂತು ನಾನು ಮನೆಪಾಠ ಬರೆಯುತ್ತಿದ್ದೆ. ಕೈವಾರದ ಮೊನೆ ಊರಿ ಊರಿ ಅಲ್ಲಿ ತೂತು ಮಾಡಿ ಬೈಸಿಕೊಂಡಿದ್ದೇನೆ. ಮತ್ತು ಅಲ್ಲೇ ಒಂದು ದಿನ ಚಾಚಾ ಒಂದು ದಾರ ತೆಗೆದುಕೊಂಡು ಮೂರು ಗೇಣು, ನಾಲ್ಕು ಗೇಣು, ಐದು ಗೇಣು ಅಳೆದು ಮುಕ್ಕೋನ ಮಾಡಿ, "ಈ ಮೂಲಿ ನೋಡು ಬೇಟಿ, ಸೀದಾ ಅದ. ಎಲ್ಲಿ ಬೇಕಾದ್ರೂ ಹೋಗು, ಸೀದಾನೇ ಇರ್ತದ," ಎಂದಿದ್ದರು. ಪುಸ್ತಕದಲ್ಲಿ ಅದು ಬರುವುದಕ್ಕೆ ಇನ್ನೂ ನಾಲ್ಕು ವರ್ಷವಿತ್ತು. ನಾನು ಗಣಿತದ ಟೀಚರ್ ಆಗಿದ್ದು ಆ ದಾರದಿಂದ.

ಈಗ ಲಾರಿಗೆ ಮರದ ಬಾಡಿ ಯಾರೂ ಕಟ್ಟಿಸುವುದಿಲ್ಲ. ಎಲ್ಲ ಕಬ್ಬಿಣ. ಚಾಚಾನ ಅಣ್ಣನ ಮಗ ಪಕ್ಕದಲ್ಲೇ ವೆಲ್ಡಿಂಗ್ ಇಟ್ಟಿದ್ದಾನೆ. ನಾಲ್ವತ್ತು ದಾಟಿದ, ದುಡಿಯುವ ಮನುಷ್ಯ, ಕೆಟ್ಟವನಲ್ಲ. ಅವನಿಗೆ ಜಾಗ ಸಾಲುತ್ತಿರಲಿಲ್ಲ, ಚಾಚಾನ ಶೆಡ್ಡು ಸುಮ್ಮನೆ ಬಿದ್ದಿತ್ತು. ಖಾಲಿ ಮಾಡಿಕೊಡಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದ. ಚಾಚಾ ದಿನಾ ಬಂದು ಶೆಡ್ಡಿನ ಕೀಲಿ ತೆಗೆದು, ರಂದಾ ಉಳಿ ಗರಗಸ ಎಲ್ಲ ಹತ್ಯಾರ ಒರೆಸಿಟ್ಟು, ಮೇಜಿನ ಮೇಲೆ ಕೈ ಊರಿಕೊಂಡು ಕೂತು ಹೋಗುತ್ತಿದ್ದರು.

ಮೇ ತಿಂಗಳಲ್ಲಿ ದೋಣಿ ಅವರ ಶೆಡ್ಡಿನ ಮುಂದೆ ಇಳಿಯಿತು. ಚಾಚಾ ಅದರ ಸುತ್ತ ಮೂರು ಸಲ ತಿರುಗಿದರು, ಬೆನ್ನುಹಲಗೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟಿದರು. ಆಮೇಲೆ ಎದುರಿನ ಚಹಾ ಹೋಟೆಲಿನವರಿಗೆಲ್ಲ ಕೇಳುವಂತೆ ಅಣ್ಣನ ಮಗನಿಗೆ ಹೇಳಿದರು: "ಈ ನಾವ್ ನೀರಾಗ ಸರಿ ಓಡ್ತಂದ್ರ ನನ್ನ ಮೇಜು ಇಲ್ಲೇ ಇರ್ತದ, ನಾ ಇರೋತನಕ. ಓಡ್ಲಿಲ್ಲಂದ್ರ ಅದರ ಮುಂದಿನ ವಾರದ ಜುಮ್ಮಾದೊಳಗ ಶೆಡ್ಡು ನಿಂದು. ಹತ್ಯಾರ ಸೈತ ತಗೋ."

"ಯಾಕ್ರಿ ಚಾಚಾ ಇಂಥಾ ಮಾತು?" ಎಂದೆ.

"ಕೈ ಅದನೋ ಹೋಗ್ಯಾದೋ ನನಗೂ ತಿಳೀಬೇಕಲ್ಲ," ಎಂದರು.

ಆ ರಜೆಯ ದಿನಗಳನ್ನು ನೆನೆದರೆ ಈಗಲೂ ಮಂಪರು ಬಂದಂತಾಗುತ್ತದೆ. ಬೆಳಗಿನ ಬಸ್ಸಿಗೆ ಹುಮನಾಬಾದಿನಿಂದ ಹೊರಟು, ಕಿಟಕಿಗೆ ತಲೆಯಾನಿಸಿ, ಕೆಂಪು ಹೊಲ ಕಪ್ಪು ಹೊಲ ನೋಡುತ್ತಾ ತೂಕಡಿಸಿ, ಬಂಗ್ಲಾ ಕ್ರಾಸಿನಲ್ಲಿ ಕಂಡಕ್ಟರ್ ಕೂಗಿದಾಗ ಎದ್ದರೆ ಎರಡೂ ಕಡೆ ಲಾರಿ, ಲಾರಿ, ಲಾರಿ. ಅವುಗಳ ನಡುವೆ ನಮ್ಮ ದೋಣಿ. ನೀರು ಬಂದು ಎಲ್ಲವನ್ನೂ ತಂದು ನಿಲ್ಲಿಸಿ ಹಿಂದೆ ಸರಿದು ಹೋಗಿದೆ ಅನಿಸುತ್ತಿತ್ತು. ಮಧ್ಯಾಹ್ನ ವೆಲ್ಡಿಂಗ್ ನಿಂತು ಎಲ್ಲರೂ ಲಾರಿಗಳ ಕೆಳಗೆ ಮಲಗಿದಾಗ ಆ ಇಡೀ ಬಯಲಲ್ಲಿ ಎದ್ದಿರುತ್ತಿದ್ದವರು ನಾವಿಬ್ಬರೇ. ಸಾಗವಾನಿ ಪುಡಿಯ ವಾಸನೆ, ಕಾದ ತಗಡು ಆಗಾಗ ಟಕ್ ಎನ್ನುವುದು, ರಂದಾದಿಂದ ಸುರುಳಿ ಸುರುಳಿಯಾಗಿ ಬಂದು ನನ್ನ ಕಾಲ ಮೇಲೆ ಬೀಳುವ ಮರದ ಸಿಪ್ಪೆ. ಚಾಚಾ ಏನೋ ಗುನುಗುತ್ತಿದ್ದರು. ಪದ ಇರಲಿಲ್ಲ, ರಾಗವೂ ಇರಲಿಲ್ಲ, ಆದರೂ ಕೇಳುತ್ತಾ ಕೂತರೆ ಗಂಟೆಗಳು ಕರಗಿ ಹೋಗುತ್ತಿದ್ದವು. ನನಗೆ ಹತ್ತು ವರ್ಷ, ಮೇಜಿನ ಮೇಲೆ ಮನೆಪಾಠ ಬಾಕಿ ಇದೆ ಎಂದು ಒಮ್ಮೆ ನಿಜವಾಗಿಯೂ ಗಾಬರಿಯಾಗಿದ್ದೆ.

ಎದ್ದವರು ಬಂದು ಕೀಟಲೆ ಮಾಡುತ್ತಿದ್ದರು. "ಏನ್ ಚಾಚಾ, ಪ್ರಳಯ ಬರಾಕತ್ತದೇನು?"

"ಬರಾಕತ್ತದ. ಎಲ್ಲಾರ್ನೂ ಹತ್ತಿಸ್ಕೋತೀನಿ, ನಿನ್ನ ಒಬ್ಬನ್ನ ಬಿಡ್ತೀನಿ," ಎನ್ನುತ್ತಿದ್ದರು ಚಾಚಾ.

ಹಳೇ ಹಲಗೆ ಬಿಚ್ಚುವುದಕ್ಕೆ ಎರಡು ದಿನ ಹಿಡಿಯಿತು. ಒಳಗೆ ಮರ ಇರಲಿಲ್ಲ, ಕಪ್ಪು ರಾಡಿ ಇತ್ತು. ಕೆಳಗಿನ ಅಂಚಿನಲ್ಲಿ ಯಾರೋ ಬೋಲ್ಟು ತೆಗೆದು ಮುಚ್ಚದೆ ಬಿಟ್ಟ ಒಂದು ತೂತನ್ನು ಚಾಚಾ ತೋರಿಸಿದರು. "ಇದೇ ನೋಡು. ಇಷ್ಟ ತೂತು ಸಾಕು. ನೀರು ಬಂದು ಕೂಡ್ತದ, ಒರಸೋರಿಲ್ಲ, ಒಳಗಿಂದೊಳಗ ತಿಂತದ." ಒಳಮೈಯಲ್ಲಿ ಅದನ್ನು ಕಟ್ಟಿದವನ ಸೀಸದ ಕಡ್ಡಿಯ ಗೆರೆಗಳು ಅಲ್ಲಲ್ಲಿ ಉಳಿದಿದ್ದವು. ಚಾಚಾ ಅವುಗಳ ಮೇಲೆ ಹೆಬ್ಬೆರಳು ಆಡಿಸಿ, "ಕೈ ಇದ್ದ ಮನುಷ್ಯಾ," ಎಂದರು.

ಇನ್ನು ಹೇಳಬೇಕಾದದ್ದನ್ನು ಹೇಳುತ್ತೇನೆ.

ಆ ಬೆನ್ನುಹಲಗೆ ನೆಟ್ಟಗೆ ನಿಂತಿರಲಿಲ್ಲ. ಮೇಲಂಚು ಹಿಂದಕ್ಕೆ ಸ್ವಲ್ಪ ವಾಲಿತ್ತು, ಆರಾಮಕುರ್ಚಿಯ ಬೆನ್ನಿನಷ್ಟಲ್ಲ, ಬಸ್ಸಿನ ಸೀಟಿನ ಬೆನ್ನಿನಷ್ಟು. ಚಾಚಾ ತಮ್ಮ ಓರೆಪಟ್ಟಿ ತೆಗೆದರು. ಎರಡು ಮರದ ಪಟ್ಟಿಗಳನ್ನು ಒಂದು ತಿರುಪಿನಿಂದ ಕೂಡಿಸಿದ ಸಾಧನ ಅದು, ಎಷ್ಟು ಓರೆ ಇದೆಯೋ ಅಷ್ಟಕ್ಕೆ ತೆರೆದು ತಿರುಪು ಬಿಗಿದರೆ ಆ ಓರೆ ಅದರಲ್ಲಿ ನಿಲ್ಲುತ್ತದೆ. ಪಕ್ಕದ ಹಲಗೆಗಳ ತುದಿಗೆ ಬಲಗಡೆ ಇಟ್ಟು ಬಿಗಿದರು. ಎಡಗಡೆ ಇಟ್ಟು ನೋಡಿದರು. ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಬೇಟಿ, ಇದು ಬೇಕಂತ ಓರೆ ಇಟ್ಟಿದ್ದು ಕಾಣ್ತದ," ಎಂದರು.

"ಇಲ್ರಿ ಚಾಚಾ. ಏಳೆಂಟು ವರ್ಷ ಮಳ್ಯಾಗ ನೆಂದದ. ಕೊಳೆತು ಜೋತು ಬಿದ್ದದ," ಎಂದೆ.

"ಜೋತು ಬಿದ್ರ ಎರಡೂ ಕಡೆ ಒಂದ ಸಮ ಬೀಳ್ತದೇನು?"

ಈ ಪ್ರಶ್ನೆಗೆ ನಾನು ಸುಮ್ಮನಾಗಬೇಕಿತ್ತು. ಆದರೆ ನನ್ನ ಸ್ವಭಾವ ನನಗೆ ಗೊತ್ತಲ್ಲ. ತರಗತಿಯಲ್ಲಿ ಯಾರಾದರೂ ಕೈಯೆತ್ತಿ ಸರಿಯಾದ ಸಂಶಯ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಸಂತೋಷ ಆಮೇಲೆ. ಚೀಲದಿಂದ ಸೀಮೆಸುಣ್ಣ ತೆಗೆದು ಮೇಜಿನ ಮೇಲೆ ಚಿತ್ರ ಬರೆದೆ. ಭಾರ ನಟ್ಟನಡುವೆ ಇದ್ದರೆ ಎರಡೂ ಕಡೆ ಸಮನಾಗಿ ಬಾಗುತ್ತದೆ ಎಂದು ಬಾಣದ ಗುರುತು ಹಾಕಿ ತೋರಿಸಿದೆ. ಈ ಕಡೆ ಇಷ್ಟು, ಆ ಕಡೆ ಇಷ್ಟು. ಚಿತ್ರ ಬಹಳ ಚಂದ ಬಂದಿತ್ತು. ಅದು ತಪ್ಪು ಎನ್ನುವುದು ಬಿಟ್ಟರೆ ಅದರಲ್ಲಿ ಯಾವ ದೋಷವೂ ಇರಲಿಲ್ಲ.

ಚಾಚಾ ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವರು. ಬರೆದ ಚಿತ್ರ ಎಂದರೆ ಅವರಿಗೆ ಮರ್ಯಾದೆ. ಬಹಳ ಹೊತ್ತು ಅದನ್ನೇ ನೋಡಿದರು. ಲಾರಿಯ ಹಿಂಬದಿ ಹಲಗೆ ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಟ್ಟು ನೋಡಿದರೆ ನೆಟ್ಟಗಿರಬೇಕು, ಒಂದು ನೂಲು ವಾಲಿದರೂ ಮಿಸ್ತ್ರಿಯ ಮಾನ ಹೋಯಿತು. ಆ ಅಭ್ಯಾಸವೂ ಅವರೊಳಗೆ ನನ್ನ ಪರವಾಗಿ ಮಾತಾಡಿರಬೇಕು.

"ಓದಿದಾಕಿ ಹೇಳಾಕತ್ತಿ. ನಿನ್ನ ಮಾತೇ ಇರ್ಲಿ," ಎಂದರು.

ದಾರಕ್ಕೆ ಕಟ್ಟಿದ ಗುಂಡನ್ನು ಹಿಡಿದವಳು ನಾನೇ. ಅದು ತೂಗಾಡಿ ತೂಗಾಡಿ ನಿಂತಿತು. ಅದರ ಪಕ್ಕಕ್ಕೆ ನಾನೇ ಗೆರೆ ಹೊಡೆದೆ. ಆ ಗೆರೆಯಿಂದಾಚೆ ಉಳಿದಿದ್ದ ಪಕ್ಕದ ಹಲಗೆಗಳ ತುದಿಗಳನ್ನು, ಮೇಲೆ ಅಗಲ ಕೆಳಗೆ ಕಿರಿದಾದ ಆ ತುಂಡುಗಳನ್ನು, ಚಾಚಾ ಕೊಯ್ದು ಹಾಕಿದರು. ಓರೆಪಟ್ಟಿಯನ್ನು ಮಡಚದೆ ಹಾಗೇ ಅಂಗಿಯ ಜೇಬಿಗೆ ಇಳಿಸಿದರು. ಅದು ನನಗೆ ಕಂಡಿತು. ಕಂಡೂ ಏನೂ ಅನಿಸಲಿಲ್ಲ.

ಆಮೇಲಿನದು ನೋಡಲು ಕಣ್ಣು ಸಾಲದ ಕೆಲಸ. ಎರಡು ಬೆರಳು ದಪ್ಪದ ಮೂರು ಸಾಗವಾನಿ ಹಲಗೆ, ಒಂದರ ತುಟಿ ಇನ್ನೊಂದರ ಒಳಗೆ ಕೂಡುವಂತೆ ಕೊರೆದದ್ದು, ಸಂದಿಗೆ ಎಣ್ಣೆ ರಾಳದಲ್ಲಿ ಅದ್ದಿದ ಹತ್ತಿಯ ನೂಲು. "ಲಾರ್ಯಾಗ ನೀರು ಬಂದ್ರ ಹೊರಗ ಹೋಗ್ಬೇಕು. ಇದರಾಗ ಒಳಗ ಬರಬಾರ್ದು. ಅಷ್ಟ ಫರಕು," ಎನ್ನುತ್ತಾ ನೂಲು ತುರುಕುತ್ತಿದ್ದರು. ಬೋಲ್ಟಿನ ಪ್ರತಿ ತೂತಿಗೂ ಮೊದಲು ರಾಳ ಕುಡಿಸಿದರು. ಮೂರು ವಾರಕ್ಕೆ ಬೆನ್ನುಹಲಗೆ ನಿಂತಿತು. ಅಂಗೈ ಆಡಿಸಿದರೆ ಸಂದಿ ಎಲ್ಲಿದೆ ಎಂದು ಗೊತ್ತಾಗುತ್ತಿರಲಿಲ್ಲ. ಅಣ್ಣನ ಮಗ ಬಂದು ನೋಡಿ, ಹೋಗಿ ಚಹಾ ಕಳಿಸಿದ.

ನೀರಿಗಿಳಿಸಿದ್ದು ಒಂದು ಬುಧವಾರ ಬೆಳಿಗ್ಗೆ. ಚಹಾ ಹೋಟೆಲಿನವರೆಲ್ಲ ಎರಡು ಟೆಂಪೋ ಮಾಡಿಕೊಂಡು ಬಂದಿದ್ದರು. ಅವರಲ್ಲಿ ಐದಾರು ಜನ ನನ್ನ ಹಳೇ ವಿದ್ಯಾರ್ಥಿಗಳು, ಈಗ ಡ್ರೈವರು, ಫಿಟ್ಟರು. "ನಮಸ್ಕಾರ್ರಿ ಟೀಚರ್" ಎಂದು ಕೈ ಹಿಂದೆ ಕಟ್ಟಿಕೊಂಡು ನಿಂತರು, ಗಡ್ಡ ಬೆಳ್ಳಗಾಗುತ್ತಿದ್ದವರು ಸಹ. ಜಲಾಶಯ ಇನ್ನೂ ನಿದ್ದೆಯಲ್ಲಿತ್ತು. ನೀರೆಲ್ಲಿ ಮುಗಿದು ಬಾನೆಲ್ಲಿ ಶುರುವಾಯಿತು ಹೇಳಲು ಬರುತ್ತಿರಲಿಲ್ಲ. ದೋಣಿ ಕೆಸರಿನಿಂದ ಜಾರಿ ತೇಲಿದ ಕ್ಷಣ ನನ್ನ ಕಣ್ಣು ತುಂಬಿತು. ನನ್ನ ಕನಸಿನ ಲಾರಿಗಳೂ ಹೀಗೇ ಜಾರುತ್ತವೆ, ಇಷ್ಟೇ ಮೆಲ್ಲಗೆ.

ಗಂಡ ಮತ್ತು ಒಬ್ಬ ಮೀನುಗಾರ ಹಿಂದೆ ಕೂತರು. ಚಾಚಾ ಬಿಳಿ ಅಂಗಿ, ಹೊಸ ಟೋಪಿ ಹಾಕಿಕೊಂಡು ಮುಂದೆ ಕೂತರು. ಮೋಟರ್ ಶುರುವಾಯಿತು. ನಿಧಾನಕ್ಕೆ ಹೋಗುವಾಗ ಎಲ್ಲ ಚಂದವಿತ್ತು. ನಡುನೀರಿಗೆ ಹೋಗಿ ವೇಗ ಹೆಚ್ಚಿಸಿದ್ದೇ ತಡ, ದೋಣಿ ಎಮ್ಮೆ ಕೆರೆ ಹೊಕ್ಕ ಹಾಗೆ ಮೂತಿ ನೀರಿಗೆ ಇಳಿಸಿತು. ಮುಂದಿನಿಂದ ನೀರು ಹಾರಿ ಚಾಚಾನ ಎದೆಗೆ ಬಡಿಯಿತು, ಟೋಪಿ ತೇಲಿಹೋಯಿತು. ವೇಗ ಇಳಿಸಿದರೆ ಸುಮ್ಮನಾಗುವುದು, ಏರಿಸಿದರೆ ಮತ್ತೆ ಮೂತಿ ಒಳಗೆ. ಮೋಟರಿನ ಓರೆ ಬದಲಿಸುವ ಮೊಳೆಗೆ ಇದ್ದ ತೂತುಗಳಲ್ಲಿ ಉಳಿದವೆಲ್ಲ ಮುರಿದು ಒಂದೇ ಬಾಕಿ ಇತ್ತು, ಅಲ್ಲಿ ಮಾಡುವುದಕ್ಕೇನೂ ಇರಲಿಲ್ಲ. ದಂಡೆಯಲ್ಲಿ ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ.

ದಂಡೆಗೆ ಬಂದ ಮೇಲೆ ನಾನು ಬಗ್ಗಿ ನೋಡಿದೆ. ಬೆನ್ನುಹಲಗೆಯ ಒಳಮೈ ಒಣಗಿತ್ತು. ಒಂದು ಹನಿ ಒಳಗೆ ಬಂದಿರಲಿಲ್ಲ. ಅದನ್ನು ಬೇರೆ ಯಾರೂ ನೋಡಲಿಲ್ಲ. ಮೀನುಗಾರ ನನ್ನ ಗಂಡನಿಗೆ ಮೆಲ್ಲಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ಹಿಂದಿನ ಹಲಗಿ ನೆಟ್ಟಗಾಗ್ಯಾದ್ರಿ. ಅದು ವಾಲಿರ್ಬೇಕು. ಇಲ್ಲಾಂದ್ರ ಮೋಟರಿನ ಕಾಲು ತಳದೊಳಗ ಮಡಚ್ತದ, ಮೂತಿ ಕೆಳಗ ಒತ್ತತದ."

ಲೆಕ್ಕ ತಲೆಯಲ್ಲಿ ಒಂದೇ ಕ್ಷಣದಲ್ಲಿ ಬಿಡಿಸಿಕೊಂಡಿತು. ತಪ್ಪು ಎಲ್ಲಿ ಎಂದು ಗೊತ್ತಾಯಿತು, ಯಾರದು ಎಂದೂ ಗೊತ್ತಾಯಿತು.

ಅಷ್ಟರಲ್ಲಿ ಚಾಚಾ ಅಂಗಿ ಹಿಂಡುತ್ತಾ ಎಲ್ಲರ ಮುಂದೆ ನಿಂತು, "ನಗ್ರಿ, ನಗ್ರಿ. ಕೈ ತಪ್ಪದ ನಂದು. ವಯಸ್ಸಾತು," ಎಂದರು. ಅಣ್ಣನ ಮಗನ ಕಡೆ ತಿರುಗಿ, "ಮುಂದಿನ ವಾರದ ಜುಮ್ಮಾ," ಎಂದರು.

ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಕನ್ನಡಕಕ್ಕೆ ಏನೂ ಆಗಿರಲಿಲ್ಲ.

ಮುಂದೆ ಎಂಟು ದಿನ ನಾನು ಹುಮನಾಬಾದ್ ಬಿಟ್ಟು ಕದಲಲಿಲ್ಲ. ಶಾಲೆ ಶುರುವಾಗಿತ್ತು, ಅದೊಂದು ನೆಪ. ಅವರು ದೊಡ್ಡವರು, ಒಪ್ಪದಿದ್ದರೆ ಬೇಡ ಅನ್ನಬಹುದಿತ್ತಲ್ಲ ಎನ್ನುವುದು ಇನ್ನೊಂದು. ನಾನು ದೋಣಿ ಓದಿದವಳಲ್ಲ, ನನಗೇನು ಗೊತ್ತು ಎನ್ನುವುದು ಮೂರನೆಯದು. ದೋಣಿ ಓದಿದವಳಲ್ಲ ಎಂದು ಆವತ್ತು ಸೀಮೆಸುಣ್ಣ ಹಿಡಿದಾಗ ನೆನಪಿಗೆ ಬಂದಿರಲಿಲ್ಲ. ಕಪ್ಪುಹಲಗೆಯ ಮೇಲೆ ಲಂಬ ಎಳೆಯುವಾಗ ಕೈ ತಡೆಯುತ್ತಿತ್ತು. ಕನಸಿನಲ್ಲಿ ಲಾರಿಗಳು ಬರುತ್ತಿದ್ದವು, ಆದರೆ ಎಲ್ಲವೂ ಮೂತಿ ನೀರಲ್ಲಿಟ್ಟುಕೊಂಡೇ ಬಂದು ದಂಡೆಗೆ ತಾಗಿ ನಿಲ್ಲುತ್ತಿದ್ದವು, ಯಾವುದೂ ತಲೆ ಎತ್ತುತ್ತಿರಲಿಲ್ಲ. ಹಾಜರಿ ಕೂಗಿದರೆ ಉತ್ತರವಿಲ್ಲ. ನನಗೆ ನಾಚಿಕೆಯಾಗುತ್ತಿತ್ತು, ಆ ನಾಚಿಕೆಯ ಮೇಲೆ ಸಿಟ್ಟೂ ಬರುತ್ತಿತ್ತು.

ಗುರುವಾರ ಮಧ್ಯಾಹ್ನ ಎರಡು ತಾಸು ರಜೆ ಬರೆದಿಟ್ಟು ಬಸ್ಸು ಹತ್ತಿದೆ. ಜುಮ್ಮಾ ಎಂದರೆ ಶುಕ್ರವಾರ, ಇನ್ನೂ ಒಂದು ದಿನ ಇದೆ ಎಂದುಕೊಂಡಿದ್ದೆ. ಬಂಗ್ಲಾ ಕ್ರಾಸಿನಿಂದ ನಡೆದು ಹೋಗುವಾಗಲೇ ಕರೆಂಟಿನ ಗರಗಸದ ಸದ್ದು ಕೇಳಿಸಿತು.

ಅಣ್ಣನ ಮಗನಿಗೆ ಅವತ್ತು ಕೆಲಸ ಕಡಿಮೆ ಇತ್ತಂತೆ, ಒಂದು ದಿನ ಮುಂಚೆಯೇ ಶುರು ಮಾಡಿದ್ದ. ಮೇಜು ಬಾಗಿಲಿನಿಂದ ಬರುವುದಿಲ್ಲವಲ್ಲ. ನಾಲ್ಕು ಕಾಲು ಕೊಯ್ದು, ಮೇಲಿನ ಹಲಗೆಯನ್ನು ನಡುವೆ ಎರಡು ಮಾಡಿ, ಒಂದೊಂದೇ ಹೊರಗೆ ತಂದು ಗೋಡೆಗೆ ಆನಿಸಿದ್ದ. ಚಾಚಾ ಎದುರಿನ ಹೋಟೆಲಿನ ಕಟ್ಟೆಯ ಮೇಲೆ ಚಹಾದ ಬಟ್ಟಲು ಹಿಡಿದು ಕೂತಿದ್ದರು. ಚಹಾ ಕೆನೆಗಟ್ಟಿತ್ತು.

ನಾನು ಬೀದಿಯ ನಡುವೆ ನಿಂತು ತರಗತಿಯ ದನಿಯಲ್ಲೇ ಹೇಳಿದೆ. ನನಗೆ ಬೇರೆ ದನಿ ಇಲ್ಲ. "ಎಲ್ಲಾರೂ ಕೇಳ್ರಿ. ಆ ಹಲಗಿ ಸೀದಾ ಮಾಡ್ಸಿದಾಕಿ ನಾನು. ಓರೆನೇ ಇರ್ಬೇಕು ಅಂತ ಚಾಚಾ ಹೇಳಿದ್ರು. ಜಾಣತನ ಮಾಡಿ ಗೆರಿ ಹೊಡ್ದಾಕಿ ನಾನು. ಅವರ ಕೈ ತಪ್ಪಿಲ್ಲ. ಆ ಹಲಗ್ಯಾಗಿಂದ ಒಂದು ಹನಿ ನೀರು ಒಳಗ ಬಂದಿಲ್ಲ."

ಗರಗಸ ನಿಂತಿತು. ಹೋಟೆಲಿನಲ್ಲಿ ನನ್ನ ಇಬ್ಬರು ಹಳೇ ವಿದ್ಯಾರ್ಥಿಗಳಿದ್ದರು, ಎದ್ದು ನಿಂತು ನೆಲ ನೋಡತೊಡಗಿದರು.

ಚಾಚಾ ಬಟ್ಟಲು ಕೆಳಗಿಟ್ಟರು. ಅವರು ಅಷ್ಟು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ. "ತಪ್ಪು ಮಾಡಿದ್ದಕ್ಕ ನನಗ ಸಿಟ್ಟಿಲ್ಲ. ಸೀದಾ ಗೆರಿ ಹೊಡೀಲಿಕ್ಕ ಕಲಿಸಿದಾಂವ ನಾನ. ಎಂಟು ದಿನ ಯಾಕ ಬೇಕಾತು ನಿನಗ?"

ಅಳು ಬಂತು, ಅತ್ತುಬಿಟ್ಟೆ. ಆಮೇಲೆ, ಸ್ವಭಾವ ಎಲ್ಲಿ ಹೋಗುತ್ತದೆ, ಅಳುತ್ತಲೇ ಜಗಳಕ್ಕೆ ನಿಂತೆ. "ನೀವೂ ಅವತ್ತು ಹೇಳ್ಬೋದಿತ್ತಲ್ರಿ, ಎಲ್ಲಾರ ಮುಂದ? ಕೈ ತಪ್ಪದ ಅಂತ ಯಾಕ ಅಂದ್ರಿ?"

"ನಿನ್ನ ಸಾಲಿ ಹುಡುಗ್ರು ನಿಂತಿದ್ರಲ್ಲ ಅಲ್ಲಿ," ಎಂದರು ಚಾಚಾ. ದನಿ ಇಳಿದಿತ್ತು. "ಅವರ ಮುಂದ ಅವರ ಟೀಚರ್‌ನ ತಪ್ಪು ತೋರಸ್ಲೇನು?"

ಆಮೇಲೆ ಜೇಬಿಗೆ ಕೈ ಹಾಕಿ ಓರೆಪಟ್ಟಿ ತೆಗೆದರು. ತಿರುಪು ಬಿಗಿದ ಹಾಗೇ ಇತ್ತು. ಹಲಗೆ ಬಿಚ್ಚಿದ ದಿನ ಅಳೆದ ಓರೆ, ಒಂದು ತಿಂಗಳಿನಿಂದ ಅಂಗಿಯಿಂದ ಅಂಗಿಗೆ, ಆ ನೀರಲ್ಲಿ ನೆಂದ ಬಿಳಿ ಅಂಗಿಯಲ್ಲೂ ಜೇಬಿನಲ್ಲಿದ್ದು ಒಂದು ನೂಲು ಸರಿದಿರಲಿಲ್ಲ.

ದೋಣಿಯ ಪಕ್ಕದ ಹಲಗೆಗಳನ್ನು ಆಗಲೇ ಕೊಯ್ದಾಗಿತ್ತು, ಬೆನ್ನುಹಲಗೆಯನ್ನು ಮತ್ತೆ ವಾಲಿಸುವಂತಿರಲಿಲ್ಲ. ಮೋಟರಿಗೂ ಹಲಗೆಗೂ ನಡುವೆ ಒಂದು ಬೆಣೆ ಕೂಡಿಸಬೇಕು, ಮೇಲೆ ದಪ್ಪ, ಕೆಳಗೆ ತೆಳು, ಕೊಯ್ದು ಹಾಕಿದ ಓರೆ ಅಷ್ಟೂ ಅದರಲ್ಲಿ ವಾಪಸ್ಸು ಬರಬೇಕು. ಐವತ್ತು ವರ್ಷದಲ್ಲಿ ಚಾಚಾನ ಕೆಲಸದೊಳಗೆ ಬೆಣೆ ಉಳಿದದ್ದಿಲ್ಲ. ಬೆಣೆ ಹೊಡೆಯುವ ಮಿಸ್ತ್ರಿಗಳನ್ನು ಅವರು ಬಾಯಿತುಂಬ ಬೈಯುತ್ತಿದ್ದರು. ಅವತ್ತು ಗೋಡೆಗೆ ಆನಿಸಿದ್ದ ಮೇಜಿನ ತುಂಡುಗಳ ಹತ್ತಿರ ತಾವೇ ಹೋಗಿ ಒಂದು ಮೂಲೆಯನ್ನು ಅಂಗೈಯಿಂದ ಒರೆಸಿದರು. ಜಾಲಿ, ಕಬ್ಬಿಣದಷ್ಟು ಗಟ್ಟಿ. ನನ್ನ ಕೈಯಲ್ಲಿ ಓರೆಪಟ್ಟಿ ಇಟ್ಟು, "ಗೆರಿ ನೀ ಹೊಡಿ," ಎಂದರು.

ಹೊಡೆದೆ. ಓರೆಪಟ್ಟಿಯ ಅಂಚಿಗೆ ತಾಗಿಸಿ, ಒಂದೇ ಎಳೆತಕ್ಕೆ. ಅವರೇ ಕೈಗರಗಸದಿಂದ ಕೊಯ್ದರು. ಅಣ್ಣನ ಮಗ ತುಂಡಿನ ಇನ್ನೊಂದು ತುದಿ ಹಿಡಿದುಕೊಂಡ. ಕೊಯ್ದು ಮುಗಿದ ಮೇಲೆ, ಕೆಳಗೆ ನೋಡುತ್ತಾ, "ಶೆಡ್ಡು ಇರ್ಲಿ ಬಿಡ್ರಿ ಕಾಕಾ," ಎಂದ.

"ಇನ್ನ ನೀರಾಗ ಓಡಿಲ್ಲ," ಎಂದರು ಚಾಚಾ.

ಆ ಭಾನುವಾರ ಓಡಿತು. ಜನ ಇರಲಿಲ್ಲ. ಗಂಡ, ಆ ಮೀನುಗಾರ, ಚಾಚಾ, ನಾನು. ನಡುನೀರಿನಲ್ಲಿ ಮೋಟರ್ ದನಿ ಏರಿತು, ದೋಣಿ ಒಂದು ಕ್ಷಣ ಯೋಚಿಸಿದಂತೆ ಮಾಡಿ ಮೂತಿ ಎತ್ತಿತು. ಗಾಳಿ ಮುಖಕ್ಕೆ ಬಂತು. ದಂಡೆ, ಹೊಲ, ಲಾರಿ, ಶಾಲೆ ಎಲ್ಲ ಹಿಂದೆ ಹಿಂದೆ ಸರಿದು ಸಣ್ಣದಾದವು. ಚಾಚಾ ಮುಂದೆ ಕೂತು ಗುನುಗುತ್ತಿದ್ದರು. ಅವರ ಹೊಸ ಟೋಪಿ ಒಣಗೇ ಇತ್ತು. ನನಗೆ ಎಚ್ಚರವಿದೆಯೋ ಇಲ್ಲವೋ ಎಂದು ಕೈಯನ್ನು ನೀರಿಗೆ ಇಳಿಬಿಟ್ಟು ನೋಡಿದೆ. ನೀರು ತಣ್ಣಗಿತ್ತು.

ಶೆಡ್ಡು ಉಳಿಯಿತು, ಹತ್ಯಾರ ಉಳಿದವು. ಮೇಜು ಉಳಿಯಲಿಲ್ಲ. ಕೊಯ್ದ ಜಾಲಿಯನ್ನು ಮತ್ತೆ ಕೂಡಿಸಿದರೆ ಅದು ಮೇಜಾಗುವುದಿಲ್ಲ ಎಂದು ಚಾಚಾ ಕೂಡಿಸಲು ಒಪ್ಪಲೇ ಇಲ್ಲ. ಅರ್ಧ ಹಲಗೆಯನ್ನು ಇಟ್ಟಿಗೆಯ ಮೇಲೆ ಇಟ್ಟುಕೊಂಡು ನೆಲಕ್ಕೆ ಕೂತು ಕೆಲಸ ಮಾಡುತ್ತಾರೆ, ಮೊಣಕಾಲು ನೋಯುತ್ತದೆ. ನಾನು ಬುಧವಾರವೇ ಬಾಯಿ ಬಿಟ್ಟಿದ್ದರೆ ಅವರು ನಿಂತು ಕೆಲಸ ಮಾಡುತ್ತಿದ್ದ ಮೇಜು ಇವತ್ತೂ ಇರುತ್ತಿತ್ತು. ಅವರು ಅದನ್ನು ಒಂದು ಸಲವೂ ಎತ್ತಿ ಆಡಿಲ್ಲ.

ಬೆಣೆಯ ಮೇಲ್ಮೈಯಲ್ಲಿ ಮೂರು ಸಣ್ಣ ತೂತುಗಳಿವೆ. ನನ್ನ ಕೈವಾರದವು. ಬೆಣೆಗೆ ಎಣ್ಣೆ ರಾಳ ಕುಡಿಸುವಾಗ ಚಾಚಾ ಬೋಲ್ಟಿನ ತೂತುಗಳನ್ನೆಲ್ಲ ಮುಚ್ಚಿ, ಈ ಮೂರನ್ನು ಬಿಟ್ಟರು. "ಇವು ನಿನ್ನವು. ನೀನೇ ನೋಡ್ಕೋ," ಎಂದರು. ಪ್ರತಿ ಭಾನುವಾರ ಸಂಜೆ ದೋಣಿ ದಂಡೆಗೆ ಬಂದು ಗಂಡ ಮೋಟರ್ ಎತ್ತಿದ ಮೇಲೆ ಅವುಗಳಲ್ಲಿ ಒಂದೊಂದು ಹನಿ ನೀರು ನಿಂತಿರುತ್ತದೆ. ನಾನು ಸೆರಗಿನ ತುದಿಯನ್ನು ಹುರಿ ಮಾಡಿ ಮೂರನ್ನೂ ಒರೆಸುತ್ತೇನೆ.